ಉಲ್ಲನ್ ದಾರದ ಮನೆವಿದ್ಯೆ



ದಾವಣಗೆರೆಯ ವಿನೋಬನಗರದಲ್ಲಿ ಯಾವ ಅಡ್ಡರಸ್ತೆ ಹೊಕ್ಕರೂ ಒಂದಲ್ಲ ಒಂದು ಮನೆಯಲ್ಲಿ ಉಲ್ಲನ್ ದಾರದ ಕೈಕೆಲಸ ಕಣ್ಣಿಗೆ ಬೀಳುತ್ತದೆ. ತಲೆಬಾಗಿಲಿಗೆ ಕೆಂಪು, ಹಸಿರು, ಹಳದಿ ಗೊಂಡೆ ಇಳಿಬಿಟ್ಟ ತೋರಣ. ನಡುಮನೆಯ ಟೀಪಾಯಿ ಮೇಲೆ ದುಂಡನೆಯ ಹಾಸು. ದೇವರಮನೆಯ ಪಟಕ್ಕೆ ಬಾಡದ ಹಾರ. ಅಡುಗೆಮನೆಯ ಮಿಕ್ಸಿಗೊಂದು ಹೊದಿಕೆ. ತೊಟ್ಟಿಲಲ್ಲಿ ಕೂಸಿದ್ದರೆ ಅದರ ತಲೆಗೆ ಕುಲಾವಿ, ಪಾದಕ್ಕೆ ಪುಟ್ಟ ಕಾಲುಚೀಲ. ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜನ ಹೆಗಲ ಮೇಲೆ ಚೌಕ ಚೌಕ ಜೋಡಿಸಿದ ಬಣ್ಣದ ಶಾಲು. ಇವುಗಳಲ್ಲಿ ಬಹುಪಾಲು ಆ ಮನೆಯ ಹೆಣ್ಣುಮಕ್ಕಳ ಕೈಯಿಂದಲೇ ಬಂದವು. ಯಾರು ಹಾಕಿದ್ದು ಎಂದು ಕೇಳಿದರೆ, "ಅಯ್ಯೋ, ಏನೋ ಹೊತ್ತು ಹೋಗ್ಲಿ ಅಂತ ಹಾಕಿದ್ದು" ಎಂಬ ಉತ್ತರ ಬರುತ್ತದೆ.

ಇವತ್ತಿನ ಮಾತು ಆ ಉತ್ತರದ ಬಗ್ಗೆಯೇ. ಕೊಕ್ಕೆ ಕಡ್ಡಿಯಿಂದ ದಾರ ಹೆಣೆಯುವ ಈ ಕ್ರೋಶಾ ಹೊತ್ತು ಕಳೆಯುವ ಕೆಲಸ ಅಲ್ಲ, ಅದೊಂದು ವಿದ್ಯೆ. ಅದರಲ್ಲಿ ಲೆಕ್ಕ ಇದೆ, ದಾರದ ಗುಣದ ತಿಳಿವಳಿಕೆ ಇದೆ, ಕೂಸು ಮತ್ತು ಮುಪ್ಪಾದವರ ಮೈಯ ಕಾಳಜಿ ಇದೆ, ದುಡಿಮೆಯ ಬೆಲೆಯ ಪ್ರಶ್ನೆಯೂ ಇದೆ. ಇವನ್ನೆಲ್ಲ ಒಂದೊಂದಾಗಿ ನೋಡೋಣ.

ಮೊದಲಿಗೆ ಒಂದು ಸಹಜ ಸಂದೇಹ. ವರ್ಷದ ಬಹುಕಾಲ ಬಿಸಿಲು ಕಾಯುವ ಬಯಲುಸೀಮೆಯ ಊರಿನಲ್ಲಿ ಉಲ್ಲನ್ನಿಗೆ ಏನು ಕೆಲಸ? ಇಲ್ಲಿ ಹಿಮ ಬೀಳುವುದಿಲ್ಲ. ಚಳಿ ಎಂದರೆ ಕಾರ್ತಿಕದಿಂದ ಸಂಕ್ರಾಂತಿಯವರೆಗಿನ ಕೆಲವು ವಾರಗಳು, ಅದೂ ಬೆಳಗಿನ ಜಾವ ಮತ್ತು ರಾತ್ರಿ. ಹಾಗಿದ್ದರೂ ನಮ್ಮಲ್ಲಿ ಉಲ್ಲನ್ ಬೇರೂರಿರುವುದಕ್ಕೆ ಎರಡು ಕಾರಣಗಳನ್ನು ನಾನು ಕಾಣುತ್ತೇನೆ. ಒಂದು, ಬಣ್ಣ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೂ ಕೊರಳಿಗೂ ಗೊಂಡೆ ಕಟ್ಟುವ ಸೀಮೆ ಇದು. ಕುಳ್ಳು, ಸೊಪ್ಪು, ನೀರಿನ ಕೊಡ ಹೊರುವ ತಲೆಗೆ ಬಣ್ಣದ ಸಿಂಬಿ ಮಾಡಿಕೊಂಡವರ ಸೀಮೆ. ನ್ಯಾಮತಿ, ಹೊನ್ನಾಳಿ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಉಡುಗೆಗೆ ಉಲ್ಲನ್ ಗೊಂಡೆಗಳದೇ ಅಂಚು. ಮಣ್ಣಿನ ಬಣ್ಣದ ಬಯಲಿನಲ್ಲಿ ಬದುಕುವವರಿಗೆ ಕಣ್ಣಿಗೆ ಹಬ್ಬ ಬೇಕಾಗುತ್ತದೆ. ಉಲ್ಲನ್ನಿನಷ್ಟು ಗಾಢವಾಗಿ, ಅಷ್ಟು ಅಗ್ಗವಾಗಿ ಬಣ್ಣ ಕೊಡುವ ದಾರ ಇನ್ನೊಂದಿಲ್ಲ. ಎರಡನೆಯ ಕಾರಣ, ಚಳಿಯನ್ನು ಎಲ್ಲರೂ ಒಂದೇ ಸಮ ಅನುಭವಿಸುವುದಿಲ್ಲ. ನಡುವಯಸ್ಸಿನವರಿಗೆ ಹಿತವಾದ ಗಾಳಿ ಒಂದು ದಿನದ ಕೂಸಿಗೆ ಚಳಿ, ಎಂಬತ್ತರ ಮುದುಕರಿಗೂ ಚಳಿ. ಮನೆಯಲ್ಲಿ ಹೆಣೆದದ್ದೆಲ್ಲ ಹೆಚ್ಚಾಗಿ ಈ ಇಬ್ಬರಿಗೇ ಹೋಗುತ್ತದೆ ಎಂಬುದನ್ನು ಗಮನಿಸಿ.

ದಾರ ಎಂಬುದು ಈ ಊರಿಗೆ ಹೊಸತೂ ಅಲ್ಲ. ಒಂದು ಕಾಲಕ್ಕೆ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಸುತ್ತಲಿನ ಕಪ್ಪು ನೆಲದ ಹತ್ತಿ ಇಲ್ಲಿಗೆ ಬರುತ್ತಿತ್ತು, ಇಲ್ಲಿಯೇ ಬೀಜ ಬಿಡಿಸಿ ನೂಲಾಗುತ್ತಿತ್ತು. ಡಿಸಿಎಂ ಟೌನ್‌ಶಿಪ್ ಎಂದು ನಾವು ದಿನವೂ ಹೇಳುವ ಹೆಸರು ದಾವಣಗೆರೆ ಕಾಟನ್ ಮಿಲ್‌ನದು. ತೋಳಹುಣಸೆಯಲ್ಲಿದ್ದ ಮಿಲ್ಲಿನ ಪೂರ್ಣ ಹೆಸರು ಯಲ್ಲಮ್ಮ ಕಾಟನ್, ವೂಲನ್ ಅಂಡ್ ಸಿಲ್ಕ್ ಮಿಲ್ಸ್. ಹತ್ತಿ, ಉಣ್ಣೆ, ರೇಷ್ಮೆ ಮೂರನ್ನೂ ಹೆಸರಿನಲ್ಲಿ ಹೊತ್ತ ಮಿಲ್ಲು ನಮ್ಮ ಪಕ್ಕದಲ್ಲೇ ಇತ್ತು. ಮಿಲ್ಲುಗಳ ಕಾಲ ಮುಗಿಯಿತು, ಹತ್ತಿಯ ಹೊಲಗಳಿಗೆ ಮೆಕ್ಕೆಜೋಳ ಬಂತು. ಹರಿಹರದಲ್ಲಿ ತುಂಗಭದ್ರೆಯ ಆಚೆ ದಡಕ್ಕೆ ಹೋದರೆ ಕುಮಾರಪಟ್ಟಣ. ಅಲ್ಲಿನ ಹರಿಹರ ಪಾಲಿಫೈಬರ್ಸ್ 1970ರ ದಶಕದಿಂದ ವಿಸ್ಕೋಸ್ ನಾರಿಗೆ ಬೇಕಾದ ಮರದ ತಿರುಳು ತಯಾರಿಸುತ್ತ ಬಂದಿದೆ. ಹತ್ತಿಯ ಎಳೆ, ಮರದ ಎಳೆ ಎರಡನ್ನೂ ಕಂಡ ಸೀಮೆ ನಮ್ಮದು.

ಉಣ್ಣೆಯ ಎಳೆಯೂ ಇಲ್ಲಿ ಬಹಳ ಹಳೆಯದು. ಹರಿಹರದಿಂದ ತುಸು ದೂರದ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ, ಈಚೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಇವೆರಡೂ ಕಂಬಳಿಗೆ ಹೆಸರಾದ ಊರುಗಳು. ವರ್ಷಕ್ಕೆ ಎರಡು ಸಲ ಕುರಿಯ ತುಪ್ಪಟ ಕತ್ತರಿಸುತ್ತಾರೆ. ಹಿಂಜಿದ ಉಣ್ಣೆಯನ್ನು ಹೆಂಗಸರು ನೂಲುತ್ತಾರೆ, ಗಂಡಸರು ಕುಣಿಮಗ್ಗದಲ್ಲಿ ನೇಯುತ್ತಾರೆ. ಮಗ್ಗದ ಹಾಸುನೂಲು ಗಟ್ಟಿಯಾಗಲೆಂದು ಅದಕ್ಕೆ ಹುಣಸೆಬೀಜದ ಸರಿ ಕುಡಿಸುತ್ತಾರೆ. ಮಳೆಗೂ ಬಿಸಿಲಿಗೂ ಕುರಿಗಾಹಿಯ ಹೆಗಲ ಮೇಲಿರುವುದು ಅದೇ ಕಂಬಳಿ. ಮೈಲಾರನ ಗೊರವಯ್ಯ ತೊಡುವುದು ಅದನ್ನೇ, ಮದುವೆ ಮುಂಜಿಯಲ್ಲಿ ಗದ್ದುಗೆಗೆ ಹಾಸುವುದೂ ಅದನ್ನೇ. ಉಣ್ಣೆಯ ಕೆಲಸದಲ್ಲಿ ಹೆಣ್ಣಿನ ಬೆರಳು ಈ ಸೀಮೆಯಲ್ಲಿ ತಲೆತಲಾಂತರದಿಂದ ಪಳಗಿದೆ. ಕ್ರೋಶಾ ಬಂದು ಸೇರಿದ್ದು ಇಂಥ ಪಳಗಿದ ಕೈಗೆ.

ಆದರೆ ನಮ್ಮ ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳಲ್ಲಿ "ಉಲ್ಲನ್ ಕೊಡಿ" ಎಂದು ಕೇಳಿದರೆ ಸಿಗುವುದು ನಮ್ಮ ಕುರಿಯ ಉಣ್ಣೆ ಅಲ್ಲ. ಅದರಲ್ಲಿ ಹೆಚ್ಚಿನದು ಪಂಜಾಬಿನ ಲುಧಿಯಾನದ ಕಡೆಯಿಂದ ಬರುವ ಅಕ್ರಿಲಿಕ್ ದಾರ. ದಖನಿನ ಕುರಿಯ ಉಣ್ಣೆ ಒರಟು. ಅದು ಕಂಬಳಿಗೆ, ಜಮಖಾನಕ್ಕೆ ಹೇಳಿ ಮಾಡಿಸಿದ್ದು, ಕೂಸಿನ ಕೆನ್ನೆಗೆ ಚುಚ್ಚುತ್ತದೆ. ಅಕ್ರಿಲಿಕ್ ಮೆದು, ಬಣ್ಣ ಬಿಡುವುದಿಲ್ಲ, ನುಸಿ ತಿನ್ನುವುದಿಲ್ಲ, ಒಗೆಯಲು ಸುಲಭ, ಬೆಲೆಯೂ ಕೈಗೆಟುಕುತ್ತದೆ. ಹಾಗಾಗಿ ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದರ ಗುಣ ತಿಳಿದಿರಬೇಕು.

ಯಾವುದು ಉಣ್ಣೆ, ಯಾವುದು ಅಕ್ರಿಲಿಕ್ ಎಂದು ಮನೆಯಲ್ಲೇ ತಿಳಿಯಬಹುದು. ಗೇಣುದ್ದದ ಎಳೆ ಕತ್ತರಿಸಿ ಚಿಮಟದಲ್ಲಿ ಹಿಡಿದು, ಕೆಳಗೊಂದು ತಟ್ಟೆಯಿಟ್ಟು, ದೀಪದ ಕುಡಿಗೆ ಒಡ್ಡಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ನಿಧಾನವಾಗಿ ಉರಿಯುತ್ತದೆ. ಉರಿಯಿಂದ ತೆಗೆದರೆ ತಾನಾಗಿ ಆರುತ್ತದೆ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಪೆಟ್ರೋಲಿಯಂ ಮೂಲದ್ದು. ಅದು ಉರಿಯುತ್ತಲೇ ಕರಗಿ ತೊಟ್ಟಿಕ್ಕುತ್ತದೆ, ಆರಿದ ಮೇಲೆ ಗಟ್ಟಿ ಕರಿಮಣಿಯಾಗುತ್ತದೆ. ಕರಗಿದ ಅಕ್ರಿಲಿಕ್ ಮೈಗೆ ಅಂಟಿದರೆ ಚರ್ಮ ಸುಲಿಯುತ್ತದೆ. ಆದ್ದರಿಂದ ತಾಯಂದಿರೇ, ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು, ಒಲೆಯ ಪಕ್ಕ ಇಡುವ ಹಾಸನ್ನು ಉಲ್ಲನ್ನಿನಲ್ಲಿ ಹಾಕಬೇಡಿ. ಅವಕ್ಕೆ ಹತ್ತಿಯ ದಾರವೇ ಬೇಕು. ದೇವರಮನೆಯಲ್ಲಿ ದೀಪದ ಹತ್ತಿರ ಉಲ್ಲನ್ ಹಾರ ಇಳಿಬೀಳದಂತೆ ನೋಡಿಕೊಳ್ಳಿ. ಅಂದವಾಗಿದೆ ಎಂದು ಎಲ್ಲ ಕಡೆ ಹಾಕುವುದಲ್ಲ, ಎಲ್ಲಿಗೆ ಯಾವ ದಾರ ಎಂಬ ವಿವೇಕವೇ ಈ ವಿದ್ಯೆಯ ಮೊದಲ ಪಾಠ.

ಇನ್ನು ಕ್ರೋಶಾ ಎಲ್ಲಿಂದ ಬಂತು? ಒಂದೇ ಕೊಕ್ಕೆ ಕಡ್ಡಿಯಿಂದ ಕುಣಿಕೆಯೊಳಗೆ ಕುಣಿಕೆ ಎಳೆಯುವ ಈ ಹೆಣಿಗೆ ಯುರೋಪಿನಲ್ಲಿ 19ನೆಯ ಶತಮಾನದಲ್ಲಿ ಮನೆಮಾತಾಯಿತು. 1840ರ ದಶಕದಲ್ಲಿ ಅದರ ಮಾದರಿ ಪುಸ್ತಕಗಳು ಅಚ್ಚಾದವು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಡಿದು ಭೀಕರ ಬರ ಬಂದಾಗ ಕ್ರೈಸ್ತ ಸನ್ಯಾಸಿನಿಯರು ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸು ಕಲಿಸಿದರು. ಅದನ್ನು ಮಾರಿ ಎಷ್ಟೋ ಮನೆಗಳು ಅನ್ನ ಕಂಡವು. ನಮ್ಮ ನೆರೆಯ ಆಂಧ್ರದಲ್ಲಿ, ಗೋದಾವರಿ ತೀರದ ನರಸಾಪುರದಲ್ಲಿ, ಅದೇ ಶತಮಾನದ ನಡುವಿನ ಹೊತ್ತಿಗೆ ಮಿಷನರಿಗಳು ಈ ಲೇಸಿನ ಕೆಲಸ ಕಲಿಸಿದರು. ಇಂದಿಗೂ ಅದು ಅಲ್ಲಿನ ಹೆಂಗಸರ ಕಸುಬು. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ನಮ್ಮ ಕಡೆ ಇದು ಹೆಣ್ಣುಮಕ್ಕಳ ಶಾಲೆಯ ಹೊಲಿಗೆ ತರಗತಿಯಿಂದ, ಮಹಿಳಾ ಸಮಾಜಗಳ ಕಸೂತಿ ತರಗತಿಯಿಂದ ಮನೆಗೆ ಬಂತು. ಆಮೇಲೆ ಅಕ್ಕನಿಂದ ತಂಗಿಗೆ, ಅತ್ತೆಯಿಂದ ಸೊಸೆಗೆ, ಪಕ್ಕದ ಮನೆಯವರಿಂದ ಪಕ್ಕದ ಮನೆಯವರಿಗೆ ಹಬ್ಬಿತು. ಈಗ ಮೊಬೈಲಿನ ವಿಡಿಯೊ ನೋಡಿ ಕಲಿಯುವವರೂ ಬಹಳ. ಅವರಿಗೊಂದು ಎಚ್ಚರಿಕೆ: ಅಮೆರಿಕದವರು ಡಬಲ್ ಕ್ರೋಶಾ ಎನ್ನುವುದನ್ನು ಇಂಗ್ಲೆಂಡಿನವರು ಟ್ರೆಬಲ್ ಎನ್ನುತ್ತಾರೆ. ಯಾವ ದೇಶದ ಮಾದರಿ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಅಳತೆ ಕೆಡುತ್ತದೆ.

ಹೊರಗಿನಿಂದ ಬಂದರೂ ಇಲ್ಲಿಯ ಕೈ ಅದನ್ನು ಇಲ್ಲಿಯದನ್ನಾಗಿ ಮಾಡಿಕೊಂಡಿತು. ಮಾವಿನೆಲೆಯ ತೋರಣ ಕಟ್ಟುವವರು ಉಲ್ಲನ್ನಿನಲ್ಲೇ ಹಸಿರು ಎಲೆ ಹೆಣೆದು ಸಾಲಾಗಿ ಪೋಣಿಸಿದರು. ಮ್ಯಾಟಿ ಬಟ್ಟೆಯ ಮೇಲೆ "ಸುಸ್ವಾಗತ" ಎಂದು ಬರೆದು ಸುತ್ತ ಕ್ರೋಶಾ ಅಂಚು ಕೊಟ್ಟರು. ಬಟ್ಟೆಯ ಕುಂಚಿಗೆಯಿದ್ದ ಜಾಗಕ್ಕೆ ಉಲ್ಲನ್ ಕುಲಾವಿ ತಂದರು. ಇನ್ನೂ ಒಂದು ಕೆಲಸ ನಾವು ಮಾಡಬಹುದು. ಕ್ರೋಶಾದಲ್ಲಿ ಒಂದು ಬಗೆ ಇದೆ: ಚೌಕದ ಮನೆಗಳ ಬಲೆ ಹಾಕಿ ಕೆಲವು ಮನೆ ತುಂಬುವುದು, ಕೆಲವು ಖಾಲಿ ಬಿಡುವುದು. ಧಾರವಾಡ ಸೀಮೆಯ ಕಸೂತಿ ಎಳೆ ಎಣಿಸಿ ಹಾಕುವಂಥದ್ದು. ಅದರ ಗೋಪುರ, ತೇರು, ಆನೆ, ತುಳಸಿಕಟ್ಟೆಗಳು ಈ ಚೌಕದ ಮನೆಗಳಿಗೆ ಸರಿಯಾಗಿ ಕೂಡುತ್ತವೆ. ಚುಕ್ಕಿ ಇಟ್ಟು ಹಾಕುವ ರಂಗೋಲಿಯನ್ನೂ ಹಾಗೆಯೇ ಇಳಿಸಬಹುದು. ಪರದೇಶದ ಗುಲಾಬಿ, ಹೃದಯದ ಚಿತ್ರಗಳನ್ನೇ ನಕಲು ಮಾಡುವ ಬದಲು ನಮ್ಮ ಅಂಗಳದ ರಂಗೋಲಿಯನ್ನು ಟೀಪಾಯಿಯ ಹಾಸಿಗೆ ತಂದರೆ ಅದಕ್ಕೆ ನಮ್ಮದೇ ಮುಖ ಬರುತ್ತದೆ.

ವಿದ್ಯೆ ಎಂದೆನಲ್ಲ, ಅದರ ಲೆಕ್ಕವನ್ನು ಒಂದು ಕುಲಾವಿಯಲ್ಲಿ ತೋರಿಸುತ್ತೇನೆ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸಾಮಾನ್ಯವಾಗಿ 34, 35 ಸೆಂಟಿಮೀಟರ್. ನೆತ್ತಿಯಿಂದ ಶುರು ಮಾಡಿ ಚಪ್ಪಟೆಯಾದ ಒಂದು ಬಿಲ್ಲೆ ಹಾಕಬೇಕು. ಬಿಲ್ಲೆ ಎಷ್ಟು ಅಗಲ ಆಗುವವರೆಗೆ? ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಸುಮಾರು 11 ಸೆಂಟಿಮೀಟರ್ ಬರುತ್ತದೆ. ಹೆಣಿಗೆ ಹಿಗ್ಗುವುದರಿಂದ 10 ಸೆಂಟಿಮೀಟರಿಗೆ ನಿಲ್ಲಿಸಿದರೆ ತಲೆಗೆ ಹಿತವಾಗಿ ಕೂರುತ್ತದೆ. ಮೂರೂವರೆ ಮಿಲಿಮೀಟರಿನ ಕಡ್ಡಿ, ಮಧ್ಯಮ ದಪ್ಪದ ಮೆದು ದಾರ ತೆಗೆದುಕೊಳ್ಳಿ. ಮೊದಲ ಸುತ್ತಿಗೆ ಅಮೆರಿಕದ ಲೆಕ್ಕದ 12 ಡಬಲ್, ಎರಡನೆಯದಕ್ಕೆ 24, ಮೂರನೆಯದಕ್ಕೆ 36, ನಾಲ್ಕನೆಯದಕ್ಕೆ 48. ಅಲ್ಲಿಗೆ ಬಿಲ್ಲೆ ಬೇಕಾದ ಅಗಲಕ್ಕೆ ಹತ್ತಿರ ಬರುತ್ತದೆ. ಅಲ್ಲಿಂದ ಮುಂದೆ ಕುಣಿಕೆ ಹೆಚ್ಚಿಸದೆ 48ರಲ್ಲೇ ಸುತ್ತುತ್ತ ಹೋದರೆ ಅದು ತಾನಾಗಿ ಕೆಳಕ್ಕೆ ಬಾಗಿ ಟೋಪಿಯಾಗುತ್ತದೆ. ಕಿವಿ ಮುಚ್ಚುವಷ್ಟು ಇಳಿದ ಮೇಲೆ ದಾರ ಕತ್ತರಿಸಿ ಗಂಟು ಹಾಕಿ.

ಪ್ರತಿ ಸುತ್ತಿಗೆ 12 ಏಕೆ ಹೆಚ್ಚಬೇಕು? ಡಬಲ್ ಕುಣಿಕೆಯ ಎತ್ತರ ಅದರ ಅಗಲದ ಸುಮಾರು ಎರಡು ಪಟ್ಟು. ವೃತ್ತದ ತ್ರಿಜ್ಯ ಎಷ್ಟು ಹೆಚ್ಚಿತೋ ಅದರ ಆರೂಕಾಲು ಪಟ್ಟು ಪರಿಧಿ ಹೆಚ್ಚುತ್ತದೆ ಎಂಬುದು ನಾವು ಹೈಸ್ಕೂಲಿನಲ್ಲಿ ಓದಿದ ಸೂತ್ರ. ಎರಡು ಅಗಲದಷ್ಟು ತ್ರಿಜ್ಯ ಹೆಚ್ಚಿದರೆ ಸುತ್ತಿಗೆ ಹನ್ನೆರಡೂವರೆ ಕುಣಿಕೆಯಷ್ಟು ಜಾಗ ಬೇಕು, ಹೆಣೆಯುವವರು ಅದನ್ನು 12 ಎಂದು ಇಟ್ಟುಕೊಂಡಿದ್ದಾರೆ. ಸಿಂಗಲ್ ಕುಣಿಕೆಯ ಎತ್ತರ ಅಗಲ ಹೆಚ್ಚುಕಡಿಮೆ ಸಮ, ಅದಕ್ಕೇ ಅದರಲ್ಲಿ ಸುತ್ತಿಗೆ 6 ಸಾಕು. ಶಾಲೆ ಬಿಟ್ಟು ಎಷ್ಟೋ ವರ್ಷವಾದ ಅಜ್ಜಿಯ ಬೆರಳಿಗೆ ಈ ಸೂತ್ರ ಗೊತ್ತು. ಗಣಿತದ ಮೇಷ್ಟ್ರು, ಮೇಡಂಗಳು ಇದನ್ನು ತರಗತಿಗೆ ಒಯ್ದರೆ ಮಕ್ಕಳಿಗೆ ಪರಿಧಿಯ ಪಾಠ ಕೈಯಲ್ಲೇ ಹಿಡಿದು ನೋಡುವಂತಾಗುತ್ತದೆ.

ಬೇಕಾದ್ದಕ್ಕಿಂತ ಕಡಿಮೆ ಕುಣಿಕೆ ಹಾಕಿದರೆ ಹೆಣಿಗೆ ಬಟ್ಟಲಿನಂತೆ ಬಾಗುತ್ತದೆ. ಹೆಚ್ಚು ಹಾಕಿದರೆ ಅಂಚು ನಿರಿಗೆ ನಿರಿಗೆಯಾಗಿ ಏಳುತ್ತದೆ. ಫ್ರಿಲ್ ಬೇಕೆಂದಾಗ ನಾವು ಬೇಕೆಂತಲೇ ಹಾಗೆ ಮಾಡುತ್ತೇವೆ. ಈ ನಿರಿಗೆಯೇ ದೊಡ್ಡದೊಂದು ಗಣಿತದ ಕೆಲಸಕ್ಕೆ ಬಂತು. ಹೀಗೆ ನಿರಿಗೆಯಾಗಿ ಏಳುವ ಮೇಲ್ಮೈಯ ಹೈಪರ್‌ಬಾಲಿಕ್ ಜ್ಯಾಮಿತಿ ಎಂಬುದಿದೆ. ಅದರ ಮೇಲ್ಮೈಯನ್ನು ಕಾಗದದಲ್ಲಿ ಅಂಟಿಸಿ ತೋರಿಸಿದರೆ ಬೇಗ ಹರಿದು ಹೋಗುತ್ತಿತ್ತು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ ಅದನ್ನು ಕ್ರೋಶಾದಲ್ಲಿ ಹೆಣೆದರು. ಎಷ್ಟು ಕುಣಿಕೆಗೊಂದು ಹೆಚ್ಚಿಸಬೇಕೆಂಬ ಅನುಪಾತ ಒಂದೇ ಇಟ್ಟುಕೊಂಡು ಹಾಕುತ್ತ ಹೋದರೆ ಆ ಮೇಲ್ಮೈ ಕೈಗೆ ಸಿಗುತ್ತದೆ. ವಿದ್ಯಾರ್ಥಿಗಳು ಅದನ್ನು ಮಡಿಸಿ, ಬಿಡಿಸಿ, ಗೆರೆ ಹೊಲಿದು ನೋಡಬಹುದಾಯಿತು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಅವಳಿ ಸೋದರಿಯರು ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತ್‌ಹೈಮ್ 2005ರಿಂದ ಅದೇ ವಿಧಾನದಲ್ಲಿ ಉಲ್ಲನ್ನಿನ ಹವಳದ ದಿಬ್ಬಗಳನ್ನು ಹೆಣೆಯಿಸಿ, ಬಿಸಿಯೇರುತ್ತಿರುವ ಕಡಲಿನಲ್ಲಿ ಹವಳ ಸಾಯುತ್ತಿರುವುದನ್ನು ಜನರಿಗೆ ತೋರಿಸಿದರು. ನಮ್ಮ ಮನೆಗಳಲ್ಲಿ ಟೀಪಾಯಿ ಹಾಸಿನ ಅಂಚಿಗೆ ಹಾಕುವ ಫ್ರಿಲ್ಲೂ ಆ ಹವಳದ ದಿಬ್ಬವೂ ಒಂದೇ ತತ್ತ್ವದ ಮೇಲೆ ನಿಂತಿವೆ.

ಕೂಸಿನ ಮಾತಿಗೆ ಬರುತ್ತೇನೆ. ಹುಟ್ಟಿದ ಮಗುವಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಹಾಗಾಗಿ ಮೈಯ ಬಿಸಿ ತಲೆಯಿಂದ ಬಹಳ ಹೋಗುತ್ತದೆ. ಮಗುವನ್ನು ಒರೆಸಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಇಟ್ಟು, ತಲೆಗೆ ಟೋಪಿ ಹಾಕಿ ಎಂದು ವೈದ್ಯರು ಹೇಳುವುದು ಅದಕ್ಕೇ. ತಿಂಗಳು ತುಂಬದೆ, ತೂಕ ಕಡಿಮೆ ಹುಟ್ಟಿದ ಕೂಸುಗಳಿಗೆ ಈ ಬಿಸುಪು ಜೀವದ ಪ್ರಶ್ನೆ. ಹಾಗಾಗಿ ಕುಲಾವಿ ಹಾಕುವವರು ಕೆಲವು ಸಂಗತಿ ನೆನಪಿಡಬೇಕು. ಮೆದು ದಾರ ಆರಿಸಿ, ನಿಮ್ಮ ಕೆನ್ನೆಗೆ ಉಜ್ಜಿ ನೋಡಿ. ಗುಂಡಿ, ಮಣಿ, ಗೊಂಡೆ ಬೇಡ, ಕಿತ್ತು ಬಾಯಿಗೆ ಹೋದೀತು. ಕೊರಳಿಗೆ ಕಟ್ಟುವ ಉದ್ದನೆಯ ದಾರ ಬೇಡ. ಕಾಲುಚೀಲ, ಕೈಚೀಲಗಳಲ್ಲಿ ಬೆರಳು ಸಿಕ್ಕಿಕೊಳ್ಳುವಂಥ ದೊಡ್ಡ ತೂತು, ಒಳಗೆ ಸಡಿಲ ಎಳೆ ಬಿಡಬೇಡಿ. ಮೊದಲು ಒಗೆದು, ಆಮೇಲೆ ತೊಡಿಸಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ತುಂಬುತಿಂಗಳ ಕೂಸಿಗೆ ಉಲ್ಲನ್ ಹೊದಿಸಿ ಬೆವರಿಸಬೇಡಿ, ಆಗ ತೆಳುವಾದ ಹತ್ತಿ ಬಟ್ಟೆ ಸಾಕು. ಅಕ್ಕರೆ ಎಂದರೆ ಹೊದಿಸುವುದಷ್ಟೇ ಅಲ್ಲ, ಎಷ್ಟು ಹೊದಿಸಬೇಕೆಂದು ತಿಳಿದಿರುವುದು.

ಹೆಣೆಯುವವರ ಮೈಗೂ ಇಷ್ಟು ಕಾಳಜಿ ಬೇಕು. ಬೆಳಕಿಗೆ ಬೆನ್ನು ಮಾಡಿ ಕೂತು, ಕತ್ತು ಬಗ್ಗಿಸಿ, ಮಣಿಕಟ್ಟು ಬಿಗಿಹಿಡಿದು ಗಂಟೆಗಟ್ಟಲೆ ಹೆಣೆದರೆ ನೋವು ಬರುತ್ತದೆ. ಅರ್ಧ ಗಂಟೆಗೊಮ್ಮೆ ಕಡ್ಡಿ ಕೆಳಗಿಟ್ಟು ಬೆರಳು ಬಿಚ್ಚಿ ಮುಚ್ಚಿ, ದೂರ ನೋಡಿ. ಅಷ್ಟು ಮಾಡಿದರೆ ಇದು ಮನಸ್ಸಿಗೆ ಕೊಡುವ ನೆಮ್ಮದಿ ದೊಡ್ಡದು. ಆಸ್ಟ್ರೇಲಿಯಾದ ವೊಲೊಂಗಾಂಗ್ ವಿಶ್ವವಿದ್ಯಾಲಯದವರು ಹಲವು ದೇಶಗಳ 8 ಸಾವಿರಕ್ಕೂ ಹೆಚ್ಚು ಕ್ರೋಶಾ ಹಾಕುವವರನ್ನು ಕೇಳಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 90 ಮಂದಿ, ಇದರಿಂದ ಮನಸ್ಸು ಶಾಂತವಾಗುತ್ತದೆ ಎಂದರು. ಕುಣಿಕೆ ಎಣಿಸುವಾಗ ಚಿಂತೆಗೆ ಜಾಗ ಕಡಿಮೆ. ಗಂಡನನ್ನು ಕಳೆದುಕೊಂಡವರು, ಮಕ್ಕಳು ದೂರದೂರಿಗೆ ಹೋದವರು, ಕೆಲಸದಿಂದ ನಿವೃತ್ತರಾದವರು ಕಡ್ಡಿ ಹಿಡಿದು ಚೇತರಿಸಿಕೊಂಡಿದ್ದನ್ನು ನಮ್ಮ ಓಣಿಗಳಲ್ಲೇ ಕಂಡಿದ್ದೇವೆ.

ಈಗ ಬೆಲೆಯ ಪ್ರಶ್ನೆ. ಮನೆಗೆಂದು ಹೆಣೆದದ್ದಕ್ಕೆ ಬೆಲೆ ಕಟ್ಟುವುದು ಬೇಡ. ಆದರೆ ಮಾರಾಟಕ್ಕೆಂದು ಹೆಣೆದಾಗ ಏನಾಗುತ್ತದೆ? ಒಂದು ಸಂಗತಿ ತಿಳಿದಿರಲಿ. ಸ್ವೆಟರ್ ಹೆಣೆಯುವ ಯಂತ್ರಗಳಿವೆ, ಆದರೆ ನಿಜವಾದ ಕ್ರೋಶಾವನ್ನು ಕೈ ಹಾಕಿದ ಹಾಗೇ ಹಾಕುವ ಯಂತ್ರ ಕಾರ್ಖಾನೆಗಳಲ್ಲಿ ಇಲ್ಲ. ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ನೂರಿನ್ನೂರು ರೂಪಾಯಿಗೆ ಕ್ರೋಶಾ ಬಟ್ಟೆ ಸಿಕ್ಕಿತೆಂದರೆ ಅದರ ಹಿಂದೆ ಯಾರದೋ ಕೈಯ ಗಂಟೆಗಟ್ಟಲೆ ದುಡಿಮೆ ಇದೆ, ಆ ಕೈಗೆ ಸಿಕ್ಕ ಕೂಲಿ ತೀರ ಅಲ್ಪ ಎಂದೇ ಅರ್ಥ. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ನರಸಾಪುರದಲ್ಲಿ ಉಳಿದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಲೇಸು ಹೆಣೆಯುವ ಹೆಂಗಸರನ್ನು ಕೆಲಸಗಾರರೆಂದೇ ಎಣಿಸದೆ, ಮನೆಯಲ್ಲಿ ಕೂತ ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಎಂದು ಕರೆದದ್ದರಿಂದಲೇ ಅವರ ಕೂಲಿ ಅಷ್ಟು ಕೆಳಗೆ ಇಳಿಯಿತು ಎಂದು ಅವರು ತೋರಿಸಿದರು. ಆ ಲೇಸು ಪರದೇಶಕ್ಕೆ ಹೋಗಿ ಹಣ ತರುತ್ತಿತ್ತು, ಹಣ ಮಾತ್ರ ಹೆಣೆದವರ ಕೈ ಸೇರುತ್ತಿರಲಿಲ್ಲ. "ಹೊತ್ತು ಹೋಗ್ಲಿ ಅಂತ ಹಾಕಿದ್ದು" ಎಂಬ ನಮ್ಮ ಮಾತು ನಮಗೇ ಮುಳುವಾಗುವುದು ಹೀಗೆ.

ಬಿಡುವು ಎಂಬುದಾದರೂ ಎಲ್ಲಿದೆ? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಹೆಚ್ಚುಕಡಿಮೆ ಐದು ಗಂಟೆ ಮನೆಗೆಲಸ ಮಾಡಿದ ಮೇಲೆ ಉಳಿದ ಚೂರುಪಾರು ಹೊತ್ತಿನಲ್ಲಿ, ಕುಕ್ಕರ್ ಕೂಗುವ ನಡುವೆ, ಮಗು ಮಲಗಿದಾಗ ಹೆಣೆದದ್ದು ಈ ಶಾಲು, ಈ ತೋರಣ. ಅಂಥ ಹೊತ್ತಿಗೆ ಬೆಲೆ ಇಲ್ಲ ಎನ್ನುವುದು ಹೇಗೆ?

ನಮ್ಮ ಬಡಾವಣೆ ಯಾರ ಹೆಸರು ಹೊತ್ತಿದೆಯೋ ಆ ವಿನೋಬಾ ಭಾವೆಯವರು ಈ ಪ್ರಶ್ನೆಯನ್ನು ತಮ್ಮ ಮೈಮೇಲೆ ಹಾಕಿಕೊಂಡು ನೋಡಿದವರು. 1951ರ ಭೂದಾನ ಚಳವಳಿಗೆ ಬಹಳ ಮೊದಲು, ವಾರ್ಧಾದ ಬಳಿ ಇದ್ದಾಗ, ದಿನವಿಡೀ ನೂತು ಆ ಕೂಲಿಯಲ್ಲೇ ಬದುಕಿ ನೋಡುವ ಪ್ರಯೋಗ ಮಾಡಿದರು. ನೂಲುವವರ ಕೂಲಿ ಹೊಟ್ಟೆಗೆ ಸಾಲದು ಎಂಬುದು ಅವರಿಗೆ ಅನುಭವದಿಂದಲೇ ಕಂಡಿತು. ನೂಲುವವರಿಗೆ ಬದುಕಲು ಸಾಲುವಷ್ಟು ಕೂಲಿ ಸಿಗಬೇಕೆಂದು ಗಾಂಧೀಜಿ 1935ರಲ್ಲಿ ಪಟ್ಟು ಹಿಡಿದರು, ನೂಲುವವರ ಸಂಸ್ಥೆಯಾದ ಚರಕ ಸಂಘ ಅದನ್ನು ಒಪ್ಪಿತು. ವಿನೋಬನಗರದಲ್ಲಿ ಕೂತು ದಾರದ ಕೆಲಸದ ಮಾತಾಡುವವರು ಈ ಪಾಠವನ್ನು ಮರೆಯಬಾರದು.

ಹಾಗಾದರೆ ಬೆಲೆ ಕಟ್ಟುವುದು ಹೇಗೆ? ಮೊದಲು ದಾರದ ಖರ್ಚು ಬರೆಯಿರಿ. ಆಮೇಲೆ ಕೂತ ಗಂಟೆಗಳನ್ನು ಬರೆಯಿರಿ. ಒಂದು ಕೂಸಿನ ಹೊದಿಕೆಗೆ ದಾರ 500 ರೂಪಾಯಿ, ಕೆಲಸ 30 ಗಂಟೆ ಎನ್ನಿ. ಗಂಟೆಗೆ ಬರೀ 50 ರೂಪಾಯಿ ಹಿಡಿದರೂ ಕೂಲಿ 1,500 ಆಯಿತು, ಒಟ್ಟು 2,000. "ಇಷ್ಟೊಂದಾ?" ಎಂದು ಕೇಳುವವರಿಗೆ ಈ ಲೆಕ್ಕದ ಚೀಟಿಯನ್ನೇ ತೋರಿಸಿ. ಪರಿಚಯದವರೆಂದು ದಾರದ ದುಡ್ಡಿಗೇ ಕೊಟ್ಟುಬಿಡಬೇಡಿ. ಒಬ್ಬರು ಹಾಗೆ ಕೊಟ್ಟರೆ, ಅದರಿಂದಲೇ ಮನೆ ನಡೆಸುವ ಇನ್ನೊಬ್ಬಳ ಹೊಟ್ಟೆಗೆ ಪೆಟ್ಟು. ಸ್ತ್ರೀಶಕ್ತಿ ಗುಂಪುಗಳು ಸೇರಿ ದಾರವನ್ನು ಸಗಟಿನಲ್ಲಿ ತಂದರೆ ಖರ್ಚು ಇಳಿಯುತ್ತದೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕುಶಲಕರ್ಮಿಗಳಿಗೆ "ಪೆಹಚಾನ್" ಎಂಬ ಗುರುತಿನ ಚೀಟಿ ಕೊಡುತ್ತದೆ, ಅದಕ್ಕೆ ಅರ್ಜಿ ಹಾಕಿ. 2023ರ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ, ಹೂಮಾಲೆ ಕಟ್ಟುವವರು, ಮೀನಿನ ಬಲೆ ಹೆಣೆಯುವವರು ಇದ್ದಾರೆ, ಕ್ರೋಶಾದ ಹೆಸರಿಲ್ಲ. ಅದನ್ನು ಸೇರಿಸಿ ಎಂದು ಕೇಳುವ ಹಕ್ಕು ನಮಗಿದೆ.

ಕೂಡಿ ಹೆಣೆದರೆ ಏನಾದೀತು ಎಂಬುದಕ್ಕೆ ಚೆನ್ನೈ ಸಾಕ್ಷಿ. ಸುಭಾಶ್ರೀ ನಟರಾಜನ್ ಅವರು ಕಟ್ಟಿದ "ಮದರ್ ಇಂಡಿಯಾಸ್ ಕ್ರೋಶಾ ಕ್ವೀನ್ಸ್" ಬಳಗದ ಹೆಂಗಸರು ಊರೂರುಗಳಿಂದ ಚೌಕಗಳನ್ನು ಹೆಣೆದು ಕಳಿಸಿದರು. 2016ರ ಜನವರಿಯಲ್ಲಿ ಅವನ್ನೆಲ್ಲ ಜೋಡಿಸಿದಾಗ 11,148.5 ಚದರ ಮೀಟರಿನ, ಅಂದರೆ 1 ಲಕ್ಷ 20 ಸಾವಿರ ಚದರ ಅಡಿಯ ಹೊದಿಕೆಯಾಗಿ ಗಿನ್ನೆಸ್ ದಾಖಲೆ ಸೇರಿತು. ಆಮೇಲೆ ಅದನ್ನು ಬಿಡಿಸಿ ಹೊದಿಕೆಗಳಾಗಿ ಇಲ್ಲದವರಿಗೆ ಹಂಚಿದರು. ದಾಖಲೆಗಿಂತ ಆ ಹಂಚಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಕೇಳುಗರೇ, ನನ್ನ ಕೋರಿಕೆ ಮೂರು. ಒಂದು, ಕಡ್ಡಿ ಹಿಡಿಯಲು ಬಲ್ಲವರು ಈ ಚಳಿಗಾಲಕ್ಕೆ ಮುಂಚೆ ಒಂದೊಂದು ಕುಲಾವಿ ಹೆಚ್ಚಿಗೆ ಹಾಕಿ. ನಿಮ್ಮೂರಿನ ಹೆರಿಗೆ ಆಸ್ಪತ್ರೆಯ ದಾದಿಯರನ್ನು ಮೊದಲು ಕೇಳಿ, ಅವರು ಹೇಳಿದ ಅಳತೆಗೆ ಹಾಕಿ, ಒಗೆದು, ಒಣಗಿಸಿ ಕೊಡಿ. ಹಳ್ಳಿಗಳಿಂದ ಬರಿಗೈಯಲ್ಲಿ ಹೆರಿಗೆಗೆ ಬಂದ ತಾಯಂದಿರಿಗೆ ಅದು ನೆರವಾಗುತ್ತದೆ. ಎರಡು, ಈ ವಿದ್ಯೆಯನ್ನು ಮನೆಯ ಹೆಣ್ಣುಮಕ್ಕಳಿಗಷ್ಟೇ ಅಲ್ಲ, ಗಂಡುಮಕ್ಕಳಿಗೂ ಕಲಿಸಿ. ಕಂಬಳಿಯ ಮಗ್ಗದಲ್ಲಿ ಗಂಡಸರು ಕೂತಿದ್ದ ಸೀಮೆ ನಮ್ಮದು, ದಾರದ ಕೆಲಸಕ್ಕೆ ಗಂಡು ಹೆಣ್ಣೆಂಬ ಭೇದ ಇಲ್ಲ. ಮೂರು, ಕೊಳ್ಳುವಾಗ ಚೌಕಾಸಿ ಮಾಡಬೇಡಿ. ಹಾಕಿದವರನ್ನು ಎಷ್ಟು ದಿನ ಹಿಡಿಯಿತು ಎಂದು ಕೇಳಿ, ಆ ದಿನಗಳಿಗೆ ತಕ್ಕ ದುಡ್ಡು ಕೊಡಿ. ಹಾಕಿದವರೂ ಅಷ್ಟೇ. ನಾಳೆ ಯಾರಾದರೂ ಇದನ್ನು ಯಾರು ಹಾಕಿದ್ದು ಎಂದು ಕೇಳಿದರೆ, "ನಾನೇ ಹಾಕಿದ್ದು, ನನಗೆ ಬರುವ ವಿದ್ಯೆ ಇದು" ಎಂದು ತಲೆಯೆತ್ತಿ ಹೇಳಿ.